ಗ್ಯಾಲರಿಯಲ್ಲಿ ಸಿಕ್ಕ ಕಪ್ಪು ಚೌಕ

ಫೋನಿನಲ್ಲಿ ಜಾಗ ಇಲ್ಲ ಅಂತ ಮೊನ್ನೆ ಹಳೆಯ ಫೋಟೊಗಳನ್ನು ಅಳಿಸುತ್ತ ಕೂತಿದ್ದೆ. ಯಾವುದೋ ಬಿಲ್ಲಿನ ಸ್ಕ್ರೀನ್‌ಶಾಟ್ ಮತ್ತು ಬಾಡಿಹೋದ ಗಿಡದ ಫೋಟೊ ನಡುವೆ ಪೂರ್ತಿ ಕಪ್ಪಾದ ಒಂದು ಚೌಕ ಸಿಕ್ಕಿತು. ಬ್ಯಾಗಿನಲ್ಲಿದ್ದಾಗ ತಾನಾಗಿಯೇ ಕ್ಲಿಕ್ ಆಗಿರಬೇಕು ಅಂದುಕೊಂಡೆ. ಅಳಿಸಲು ಹೋದಾಗ ತಾರೀಕು ಕಣ್ಣಿಗೆ ಬಿತ್ತು: 2020ರ ಜೂನ್ 2.

ಅದು ನಾನೇ ಹಾಕಿದ್ದ ಪೋಸ್ಟು. ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಪೊಲೀಸನೊಬ್ಬ ಜಾರ್ಜ್ ಫ್ಲಾಯ್ಡ್ ಅನ್ನುವ ಕಪ್ಪು ವ್ಯಕ್ತಿಯ ಕತ್ತಿನ ಮೇಲೆ ಒಂಬತ್ತು ನಿಮಿಷಕ್ಕೂ ಜಾಸ್ತಿ ಹೊತ್ತು ಮಂಡಿಯೂರಿ ಕೊಂದು ಎಂಟು ದಿನ ಆಗಿತ್ತು. ಅವತ್ತು ಇನ್‌ಸ್ಟಾಗ್ರಾಮ್ ತುಂಬ ಕಪ್ಪು ಚೌಕಗಳೇ. ಇದನ್ನು ಶುರು ಮಾಡಿದ್ದು ಸಂಗೀತದ ಉದ್ಯಮದಲ್ಲಿ ಕೆಲಸ ಮಾಡುತ್ತಿದ್ದ ಇಬ್ಬರು ಕಪ್ಪು ಮಹಿಳೆಯರು. ಕಪ್ಪು ಕಲಾವಿದರಿಂದ ಇಷ್ಟೊಂದು ದುಡ್ಡು ಮಾಡುವ ಈ ಉದ್ಯಮ ಒಂದು ದಿನ ವ್ಯವಹಾರ ನಿಲ್ಲಿಸಿ ತನ್ನನ್ನೇ ನೋಡಿಕೊಳ್ಳಲಿ ಅನ್ನುವುದು ಅವರ ಮಾತು. ನನ್ನ ಫೋನಿಗೆ ಬರುವಷ್ಟರಲ್ಲಿ ಆ ಮಾತೆಲ್ಲ ಉದುರಿ ಬರೀ ಚೌಕ ಉಳಿದಿತ್ತು.

ಚೌಕದ ಜೊತೆ ಬಹಳ ಜನ 'ಬ್ಲ್ಯಾಕ್ ಲೈವ್ಸ್ ಮ್ಯಾಟರ್' ಹ್ಯಾಶ್‌ಟ್ಯಾಗ್ ಕೂಡ ಹಾಕಿದರು. ಬೀದಿಯಲ್ಲಿ ಪ್ರತಿಭಟಿಸುತ್ತಿದ್ದವರು ಒಬ್ಬರಿಗೊಬ್ಬರು ಸುದ್ದಿ ಮುಟ್ಟಿಸುತ್ತಿದ್ದದ್ದು ಅದೇ ಹ್ಯಾಶ್‌ಟ್ಯಾಗಿನಲ್ಲಿ. ಅವತ್ತು ಅಲ್ಲಿ ಹುಡುಕಿದರೆ ಬರೀ ಕಪ್ಪು ಗೋಡೆ. ದಯವಿಟ್ಟು ಆ ಟ್ಯಾಗ್ ತೆಗೆಯಿರಿ ಅಂತ ಅವರು ಬೇಡಿಕೊಳ್ಳಬೇಕಾಯಿತು. ನಾನೂ ಹಾಕಿದ್ದೆ. ಆಮೇಲೆ ತೆಗೆದೆನಾ? ನೆನಪಿಲ್ಲ. ಲೈಕ್ ಎಷ್ಟು ಬಂದವು ಅನ್ನುವುದು ನೆನಪಿದೆ. 61.

ನನಗೆ ನೋವಾಗಿರಲಿಲ್ಲ ಅಂತಲ್ಲ. ಫ್ಲಾಯ್ಡ್ ಸಾಯುವ ವಿಡಿಯೊ ಪೂರ್ತಿ ನೋಡಲು ಆಗಿರಲಿಲ್ಲ. ಆದರೆ ಬೆರಳು ಆಡಿದ್ದು ಆ ನೋವಿನಿಂದ ಅಲ್ಲ. ಬೆಳಿಗ್ಗೆಯಿಂದ ಗೆಳೆಯರೆಲ್ಲ ಒಬ್ಬೊಬ್ಬರಾಗಿ ಹಾಕುತ್ತಿದ್ದರು. ಸಂಜೆ ಹೊತ್ತಿಗೆ, ನಾನೊಬ್ಬಳೇ ಹಾಕದಿದ್ದರೆ ಏನಂದುಕೊಳ್ಳುತ್ತಾರೋ ಅನ್ನಿಸತೊಡಗಿತು. ಹತ್ತರಲ್ಲಿ ಹನ್ನೊಂದಾದೆ. ನೋವೂ ಇತ್ತು, ಈ ಅಳುಕೂ ಇತ್ತು. ಅದಕ್ಕೇ 'ಎಲ್ಲ ಶೋ ಆಫ್' ಅಂತ ಬೇರೆಯವರನ್ನು ಬೈಯುವವರ ಜೊತೆ ಸೇರಲು ನನಗೆ ಬಾಯಿ ಬರುವುದಿಲ್ಲ.

ಗುಂಪಿನಿಂದ ಏನೂ ಆಗಲ್ಲ ಅನ್ನುವುದೂ ಸುಳ್ಳು. 2014ರಲ್ಲಿ ಎಎಲ್ಎಸ್ ಕಾಯಿಲೆಗೆ ದುಡ್ಡು ಕೂಡಿಸಲು ಎಲ್ಲರೂ ತಲೆ ಮೇಲೆ ಐಸ್ ನೀರು ಸುರಿದುಕೊಂಡರಲ್ಲ, ಅದು ನರಗಳು ಸಾಯುತ್ತ ಮೈ ಸ್ವಾಧೀನ ತಪ್ಪುವ ಕಾಯಿಲೆ ಅಂತ ಅವರಲ್ಲಿ ಎಷ್ಟು ಜನರಿಗೆ ಗೊತ್ತಿತ್ತೋ. ಆದರೂ ಅಮೆರಿಕದ ಎಎಲ್ಎಸ್ ಸಂಘವೊಂದಕ್ಕೇ 11.5 ಕೋಟಿ ಡಾಲರ್ ಬಂತು. ಆ ದುಡ್ಡಿನ ನೆರವು ಪಡೆದ ಸಂಶೋಧನೆಯಿಂದ 2016ರಲ್ಲಿ ಕಾಯಿಲೆಗೆ ನಂಟಿರುವ ಒಂದು ಜೀನ್ ಸಿಕ್ಕಿತು. ಲ್ಯಾಬಿಗೆ ಯಾರ ಮನಸ್ಸಿನಲ್ಲಿ ಏನಿತ್ತು ಅನ್ನುವುದು ಬೇಕಿಲ್ಲ.

2014ರ ಏಪ್ರಿಲ್‌ನಲ್ಲಿ ನೈಜೀರಿಯಾದ ಚಿಬೊಕ್‌ನ ಶಾಲೆಯಿಂದ 276 ಹುಡುಗಿಯರನ್ನು ಬೊಕೊ ಹರಾಮ್ ಅನ್ನುವ ಉಗ್ರರ ಗುಂಪು ಎತ್ತಿಕೊಂಡು ಹೋಯಿತು. 'ನಮ್ಮ ಹುಡುಗಿಯರನ್ನು ವಾಪಸ್ ಕರೆತನ್ನಿ' ಅಂತ ಜಗತ್ತೆಲ್ಲ ಚೀಟಿ ಹಿಡಿದು ಫೋಟೊ ತೆಗೆಸಿಕೊಂಡಿತು. ಕೆಲವು ವಾರಕ್ಕೆ ಚೀಟಿ ಕೆಳಗಿಳಿಯಿತು. ನೈಜೀರಿಯಾದ ರಾಜಧಾನಿ ಅಬುಜಾದಲ್ಲಿ ಮಾತ್ರ ಒಂದಷ್ಟು ಜನ ಪ್ರತಿಭಟನೆಗೆ ಬಂದು ಕೂರುವುದನ್ನು ಬಿಡಲಿಲ್ಲ. 2016ರ ಅಕ್ಟೋಬರ್‌ನಲ್ಲಿ 21 ಹುಡುಗಿಯರು, 2017ರ ಮೇ ತಿಂಗಳಲ್ಲಿ 82 ಮಂದಿ ಬಿಡುಗಡೆಯಾದರು. ನಾನು ಅದನ್ನು ಓದಿದ್ದು ಯಾವಾಗ ಗೊತ್ತಾ? ಇದನ್ನು ಬರೆಯಲು ಕೂತಾಗ.

ಈಗ ಹತ್ತಿರದ ಮಾತಿಗೆ ಬರುತ್ತೇನೆ. ಆ ಚೌಕ ಹಾಕಿ ಎರಡು ವರ್ಷದ ಮೇಲೆ ನಡೆದದ್ದು. ಆಫೀಸಿನಲ್ಲಿ ನಮ್ಮ ಮಹಡಿ ಗುಡಿಸಿ ಒರೆಸುತ್ತಿದ್ದ ಅಕ್ಕ ಒಂದು ದಿನ ತಮ್ಮ ಹೆಬ್ಬೆರಳು ತೋರಿಸಿದರು. ವರ್ಷಗಟ್ಟಲೆ ಫಿನಾಯಿಲ್ಲು, ಆಸಿಡ್ಡು ಮುಟ್ಟಿ ಗೆರೆಗಳೇ ಸವೆದುಹೋಗಿದ್ದವು. ಹಾಜರಿ ಮೆಷಿನ್ನು ಒಂದು ದಿನ ಗುರುತು ಹಿಡಿಯುತ್ತದೆ, ಒಂದು ದಿನ ಇಲ್ಲ. ಹಿಡಿಯದ ದಿನ ಗೈರುಹಾಜರು. ಆ ತಿಂಗಳು ಮೂರು ದಿನದ ಸಂಬಳ ಹಿಡಿದಿದ್ದರು.

"ನಾನು ಬಂದಿದ್ದೆ ಮೇಡಂ. ನೀವೇ ನೋಡಿದ್ರಲ್ಲ?"

ನೋಡಿದ್ದೆ. ಸೀಟಿಗೆ ಬಂದು ಕೂತೆ. ನಿಜ ಹೇಳುತ್ತೇನೆ, ಮೊದಲು ಹೊಳೆದದ್ದು ಒಂದು ಪೋಸ್ಟಿನ ಮೊದಲ ಸಾಲು. 'ನೆಲ ಹೊಳೆಯಿಸಿದ ಬೆರಳಿಗೆ ಗುರುತೇ ಇಲ್ಲ.' ಸಾಲು ಚೆನ್ನಾಗಿದೆ ಅಂತ ಒಳಗೊಳಗೇ ಖುಷಿಯೂ ಆಯಿತು. ಸಂಜೆ ಅವರಿಗೇ ಓದಿ ಹೇಳಿದೆ. ಅವರ ಮುಖ ಸಣ್ಣದಾಯಿತು.

"ಇದು ಯಾರು ಹೇಳಿದ್ದು ಅಂತ ಗೊತ್ತಾಗಲ್ವಾ ಮೇಡಂ? ಇರೋ ಕೆಲಸಾನೂ ಹೋಗುತ್ತೆ."

ಲೈಕ್ ನನಗೆ, ಏಟು ಅವರಿಗೆ. ಇಷ್ಟು ಸಣ್ಣ ಲೆಕ್ಕ ನನ್ನ ತಲೆಗೆ ಬಂದಿರಲಿಲ್ಲ.

ಅದಾದ ಮೇಲೆ ಜಾರ್ಜಿಯಾ ಗಿಲ್ಮೋರ್ ಬಗ್ಗೆ ಓದಿದೆ. ಅಮೆರಿಕದ ಮಾಂಟ್ಗೊಮರಿಯಲ್ಲಿ 1955ರ ಡಿಸೆಂಬರ್‌ನಲ್ಲಿ ಬಸ್ಸಿನಲ್ಲಿ ಬಿಳಿಯರಿಗೇ ಬೇರೆ, ತಮಗೇ ಬೇರೆ ಸೀಟು ಅನ್ನುವುದನ್ನು ವಿರೋಧಿಸಿ ಕಪ್ಪು ಜನ ಸಿಟಿ ಬಸ್ ಹತ್ತುವುದನ್ನೇ ಬಿಟ್ಟರು. ಒಂದು ದಿನವಲ್ಲ, 381 ದಿನ. ಇಷ್ಟು ದಿನ ಜನ ಕೆಲಸಕ್ಕೆ ಹೋಗಬೇಕು, ಅವರನ್ನು ಕರೆದೊಯ್ಯುವ ಕಾರುಗಳಿಗೆ ಪೆಟ್ರೋಲ್ ಹಾಕಿಸಬೇಕು. ಅಡುಗೆ ಕೆಲಸದ ಗಿಲ್ಮೋರ್ ಸ್ಯಾಂಡ್‌ವಿಚ್, ಪೈ, ಕೇಕ್ ಮಾಡಿ ಮಾರಿ ದುಡ್ಡು ಕೂಡಿಸುವ ಹೆಂಗಸರ ಗುಂಪು ಕಟ್ಟಿದರು. ಬಹಳ ಮಂದಿ ಬಿಳಿಯರ ಮನೆಯಲ್ಲಿ ಕೆಲಸಕ್ಕಿದ್ದವರು. ಹೆಸರು ಹೊರಬಿದ್ದರೆ ಮರುದಿನ ಕೆಲಸ ಇಲ್ಲ. ಹಾಗಾಗಿ ಗುಂಪಿಗೆ 'ಕ್ಲಬ್ ಫ್ರಮ್ ನೋವೇರ್' ಅಂತ ಹೆಸರಿಟ್ಟರು. ದುಡ್ಡು ಎಲ್ಲಿಂದ ಬಂತು ಅಂದರೆ ಎಲ್ಲಿಂದಲೂ ಇಲ್ಲ! ಗಿಲ್ಮೋರ್ ಮಾತ್ರ ಕೋರ್ಟಿನಲ್ಲಿ ನಿಂತು ಬಸ್ಸಿನಲ್ಲಿ ತನಗಾದ ಅವಮಾನ ಹೇಳಿದರು. ಕೆಲಸ ಕಳೆದುಕೊಂಡರು. ಮುಚ್ಚಿಡುವುದು ಯಾರ ಹೆಸರು, ಮುಂದಿಡುವುದು ಯಾರ ಹೆಸರು ಅನ್ನುವುದು ಆಕೆಗೆ ಚೆನ್ನಾಗಿ ಗೊತ್ತಿತ್ತು ಅನ್ನಿಸುತ್ತದೆ.

ನಾನು ಮಾಡಿದ್ದು ತೀರಾ ಸಪ್ಪೆ ಕೆಲಸ. ಅಕ್ಕನ ಹೆಸರು ಎತ್ತದೆ ಆಫೀಸಿನ ಆಡಳಿತದವರಿಗೆ ಮೇಲ್ ಬರೆದೆ. ಸ್ವಚ್ಛತೆಯ ಸಿಬ್ಬಂದಿಯ ಬೆರಳನ್ನು ಮೆಷಿನ್ ಓದುತ್ತಿಲ್ಲ, ಎಲ್ಲರ ಹಾಜರಿಯನ್ನೂ ಗೇಟಿನ ರಿಜಿಸ್ಟರ್ ಜೊತೆ ತಾಳೆ ನೋಡಿ ಅಂತ. ಉತ್ತರ ಇಲ್ಲ. ಮತ್ತೆ ಬರೆದೆ. ಗುತ್ತಿಗೆದಾರರ ಕಡೆಗೆ ಕೈ ತೋರಿಸಿದರು. ಅವರು ಸಿಸ್ಟಮ್ಮಿನಲ್ಲಿ ಇರುವುದೇ ಫೈನಲ್ ಅಂದರು. ನನ್ನ ಮ್ಯಾನೇಜರ್ "ನಿನಗ್ಯಾಕೆ ಇದೆಲ್ಲ" ಅಂತ ಕೇಳಿದರು, ಸಿಟ್ಟಿನಿಂದಲ್ಲ, ನಿಜವಾಗಿಯೂ ಅರ್ಥವಾಗದೆ. ಐದು ವಾರ, ಏಳು ಮೇಲ್. ಕೊನೆಗೆ ತಾಳೆ ನೋಡಿದಾಗ ಇನ್ನೂ ನಾಲ್ವರಿಗೆ ಹೀಗೇ ಆಗಿತ್ತು. ದುಡ್ಡು ವಾಪಸ್ ಬಂತು. ಆ ಐದು ವಾರವೂ ನನಗೆ ಯಾರಾದರೂ ನೋಡುತ್ತಿದ್ದರೆ ಚೆನ್ನಾಗಿತ್ತು ಅನ್ನಿಸುತ್ತಿತ್ತು. ಆಮೇಲೆ ಇದನ್ನು ನಾಲ್ಕು ಕಡೆ ಹೇಳಿಕೊಂಡಿದ್ದೇನೆ. ಈಗ ಇಲ್ಲಿ ಐದನೆಯ ಸಲ.

ಹೇಳುವಾಗಲೆಲ್ಲ ಒಂದು ವಿಷಯ ಬಿಟ್ಟುಬಿಡುತ್ತೇನೆ. ಅಕ್ಕನಿಗೆ ಬಂದದ್ದು ಎರಡು ದಿನದ ಸಂಬಳ ಮಾತ್ರ. ಮೂರನೆಯ ದಿನ ಅವರು ಹಿಂಬಾಗಿಲಿನಿಂದ ಬಂದಿದ್ದರಂತೆ, ರಿಜಿಸ್ಟರಿನಲ್ಲಿ ಎಂಟ್ರಿ ಇರಲಿಲ್ಲ. ಸಿಸಿಟಿವಿ ನೋಡಿ ಅಂತ ಇನ್ನೊಂದು ಮೇಲ್ ಹಾಕಿದೆ. ಉತ್ತರ ಬರಲಿಲ್ಲ. ಅಷ್ಟರಲ್ಲಿ ಕೆಲಸ ಜಾಸ್ತಿಯಾಯಿತು, ರಜೆ ಬಂತು, ಅದೂ ಇದೂ. ನಾನೂ ಮತ್ತೆ ಕೇಳಲಿಲ್ಲ.