ಜೋಗಕ್ಕೆ ಹೊರಡೋ ಮುಂಚೆ ಡ್ಯಾಂ ಮಟ್ಟ ನೋಡಿ

ದಾವಣಗೆರೆ ಕಡೆಯವರಿಗೆ ಡ್ಯಾಂ ಮಟ್ಟ ನೋಡುವುದನ್ನು ಯಾರೂ ಹೇಳಿಕೊಡಬೇಕಿಲ್ಲ. ಮಳೆಗಾಲ ಶುರುವಾದರೆ ನಮ್ಮ ಮನೆಯಲ್ಲಿ ಪೇಪರ್ ಬಿಡಿಸುವುದೇ ಭದ್ರಾ ಎಷ್ಟು ಅಡಿ ಆಯ್ತು ಅಂತ ನೋಡೋಕೆ. 186 ಅಡಿ ಆದರೆ ಭರ್ತಿ, ಅಪ್ಪನ ಮುಖವೂ ಅರಳುತ್ತದೆ. ಜೋಗಕ್ಕೆ ಹೋಗುವವರು ಅದೇ ಪಟ್ಟಿಯಲ್ಲಿ ಇನ್ನೊಂದು ಸಾಲು ನೋಡಬೇಕು: ಲಿಂಗನಮಕ್ಕಿ, 1819 ಅಡಿ ಆದರೆ ಭರ್ತಿ. (ಇದು ಸಮುದ್ರಮಟ್ಟದಿಂದ ಹಿಡಿದ ಲೆಕ್ಕ. ಡ್ಯಾಂ ಅಷ್ಟು ಆಳ ಅಂತ ನಮ್ಮಪ್ಪನ ಹಾಗೆ ಬೆರಗಾಗಬೇಡಿ.)

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಮೇಲೆ ಶರಾವತಿ ಜೋಗಕ್ಕಿಂತ ಮೇಲೆಯೇ ನಿಂತುಬಿಡುತ್ತಾಳೆ. ಕರೆಂಟಿಗೆ ಬೇಕಾದ ನೀರು ಕಾಲುವೆ ಹಿಡಿದು ತಳಕಳಲೆ ಕಡೆ ಹೋಗುತ್ತದೆ, ಜಲಪಾತದ ಬಂಡೆಯನ್ನು ಮುಟ್ಟುವುದೇ ಇಲ್ಲ. ಡ್ಯಾಂ ತುಂಬಿ ಗೇಟ್ ತೆಗೆದರೇನೇ ಜೋಗ ಮೈದುಂಬುವುದು. ಮಕ್ಕಳಿಗೆ ರಜೆ ಅಂತ ಏಪ್ರಿಲ್‌ನಲ್ಲಿ ಹೋದರೆ ಬಂಡೆ ಜಾಸ್ತಿ, ನೀರು ಕಡಿಮೆ.

ನಾವು ಹೋದದ್ದು ಆಗಸ್ಟ್‌ನಲ್ಲಿ. ಹೊನ್ನಾಳಿ, ಶಿವಮೊಗ್ಗ, ಸಾಗರ, ತಾಳಗುಪ್ಪ. ಅಮ್ಮ ಕಟ್ಟಿಕೊಂಡಿದ್ದ ಖಾರ ಮಂಡಕ್ಕಿ ಸಾಗರ ದಾಟುವಷ್ಟರಲ್ಲಿ ಥಂಡಿಗೆ ಮೆತ್ತಗಾಗಿತ್ತು. ಅಲ್ಲಿ ನೋಡಿದರೆ ಬರೀ ಮಂಜು! ಜಲಪಾತ ಇದೆ ಅಂತ ಗೊತ್ತಾಗುತ್ತಿದ್ದದ್ದು ಸದ್ದಿನಿಂದ ಮಾತ್ರ. ಪಕ್ಕದಲ್ಲಿದ್ದ ಟೂರ್ ಬಸ್ಸಿನವರು ಮಂಜಿನ ಜೊತೆಗೇ ಸೆಲ್ಫಿ ತೆಗೆದುಕೊಂಡು ಹೊರಟರು. ಅವರು ಬಸ್ ಹತ್ತುತ್ತಿದ್ದಾಗ ಮಂಜು ಸರಿಯಿತು, ಪಾಪ. ಜೋಗದಲ್ಲಿ ಕಾಯಬೇಕು. ಅದಕ್ಕೇ ಭಾನುವಾರ ಬಿಟ್ಟು ಬೇರೆ ದಿನ ಹೋಗಿ, ನಿಲ್ಲೋಕೆ ಜಾಗವಾದರೂ ಸಿಗುತ್ತದೆ.

ಜೋಗದ ನಾಲ್ಕು ಧಾರೆಗಳಲ್ಲಿ ರಾಜ 253 ಮೀಟರ್ ನೇರ ಬೀಳುತ್ತಾನೆ. ರೋರರ್ ಅಬ್ಬರಿಸಿಕೊಂಡು ಬಂದು ಅರ್ಧದಲ್ಲಿ ಅವನನ್ನು ಕೂಡಿಕೊಳ್ಳುತ್ತದೆ. ರಾಕೆಟ್ ಚಿಮ್ಮುತ್ತಲೇ ಇಳಿಯುತ್ತದೆ. ಎಲ್ಲರ ಕ್ಯಾಮೆರಾ ರಾಜನ ಕಡೆಗೇ ಇತ್ತು. ನನಗೆ ಇಷ್ಟವಾದದ್ದು ರಾಣಿ. ಅವಸರವೇ ಇಲ್ಲ, ಬಂಡೆಗೆ ಒರಗಿಕೊಂಡು ನೊರೆನೊರೆಯಾಗಿ ಇಳಿಯುತ್ತಾಳೆ.

ಅಪ್ಪ ಬಹಳ ಹೊತ್ತು ಕಂಬಿ ಹಿಡಿದು ನೋಡಿದರು. ಆಮೇಲೆ, "ಇಷ್ಟೊಂದ್ ನೀರು ಸುಮ್ನೆ ಕೆಳಗ್ ಹೋಗ್ತೈತಲ್ಲೋ!" ಅಂದರು. ನಮ್ಮ ಗದ್ದೆ ಇರುವುದು ಭದ್ರಾ ನಾಲೆಯ ಕೊನೆ ಭಾಗದಲ್ಲಿ. ಕೊನೆ ಭಾಗದವರಿಗೆ ಹಾಗೆ ಅನಿಸದೆ ಇರುತ್ತದಾ?

"ಸುಮ್ನೆ ಅಲ್ಲಪ್ಪ, ಮುಂದೆ ಗೇರುಸೊಪ್ಪೆಯಲ್ಲಿ ಇನ್ನೊಂದು ಡ್ಯಾಂ ಇದೆ. ಅಲ್ಲೂ ಕರೆಂಟ್ ತೆಗೆದೇ ಹೊನ್ನಾವರದ ಸಮುದ್ರಕ್ಕೆ ಬಿಡೋದು" ಅಂದೆ.

"ಹೌದಾ? ಹಂಗಾದ್ರೆ ನಮ್ ಪಂಪ್‌ಸೆಟ್ಟಿಗೆ ತ್ರೀ ಫೇಸ್ ಯಾಕ್ ನಡುರಾತ್ರಿ ಕೊಡ್ತಾರೆ?"