ಕೇಳುವವರ ಕಡೆಯಿಂದ

ಯಾರು, ಏನನ್ನು, ಯಾವ ಮಾಧ್ಯಮದಲ್ಲಿ, ಯಾರಿಗೆ ಹೇಳುತ್ತಾರೆ, ಅದರ ಪರಿಣಾಮವೇನು? ಅಮೆರಿಕದ ವಿದ್ವಾಂಸ ಹೆರಾಲ್ಡ್ ಲಾಸ್‌ವೆಲ್ 1948ರಲ್ಲಿ ಮುಂದಿಟ್ಟ ಈ ಐದು ಪ್ರಶ್ನೆಗಳನ್ನು ದಾಟದೆ ಸಂವಹನದ ಪದವಿ ಓದಿದವರು ಯಾರೂ ಇರಲಿಕ್ಕಿಲ್ಲ. ನಮ್ಮ ಪತ್ರಿಕೋದ್ಯಮ ವಿಭಾಗದ ಸರ್ ಐದನ್ನೂ ಹಲಗೆಯ ಮೇಲೆ ಬರೆದರು, ಮೊದಲ ಮೂರನ್ನು ಒರೆಸಿಬಿಟ್ಟರು. “ಈ ಮೂರೂ ಗೈಡಿನಲ್ಲಿ ಸಿಗುತ್ತವೆ. ಉಳಿದ ಎರಡಕ್ಕೆ ಊರು ಸುತ್ತಬೇಕು” ಎಂದರು. ಮೂರು ವರ್ಷ ಓದಿದ್ದರಲ್ಲಿ ಇಂದಿಗೂ ನನ್ನ ಕೈಹಿಡಿದಿರುವುದು ಹೆಚ್ಚುಕಡಿಮೆ ಆ ಎರಡು ಪ್ರಶ್ನೆಗಳ ಬೆನ್ನು ಹತ್ತಿ ಕಲಿತದ್ದೇ. ಕಾಲೇಜಿನ ಸಂಚಿಕೆಗೆ ನೆನಪುಗಳನ್ನು ಬರೆದುಕೊಡಿ ಎಂದು ಪ್ರಾಚಾರ್ಯರ ಪತ್ರ ಬಂದಾಗ, ಕ್ಯಾಂಟೀನು, ಸ್ನೇಹ ಸಮ್ಮೇಳನ, ಬೀಳ್ಕೊಡುಗೆಗಳ ಬಗ್ಗೆ ಬೇರೆಯವರು ಬರೆಯುತ್ತಾರೆ, ನಾನು ಪಾಠದ ಬಗ್ಗೆಯೇ ಬರೆಯೋಣ ಎಂದುಕೊಂಡೆ.

ಇಂಡಿ ಕಡೆಯ ಹಳ್ಳಿಯಿಂದ 2006ರಲ್ಲಿ ವಿಜಯಪುರಕ್ಕೆ ಓದಲು ಬಂದ ನಾನು ಐಚ್ಛಿಕ ಕನ್ನಡ, ರಾಜ್ಯಶಾಸ್ತ್ರಗಳ ಜೊತೆಗೆ ಪತ್ರಿಕೋದ್ಯಮ ತೆಗೆದುಕೊಂಡದ್ದು ಯಾವ ಆದರ್ಶದಿಂದಲೂ ಅಲ್ಲ. ಇತಿಹಾಸದ ಸೀಟುಗಳು ತುಂಬಿದ್ದವು, ಅಷ್ಟೇ. “ಪೇಪರ್ ಓದುವುದಕ್ಕೆ ಕಾಲೇಜಿಗೆ ಹೋಗಬೇಕೇನು?” ಎಂದು ಕಾಕಾ ನಕ್ಕರು. ಬಿ.ಎ. ಆದರೆ ಬಿ.ಎಡ್. ಮಾಡಬಹುದು ಎಂದು ಅಪ್ಪ ಮಾತು ಮುಗಿಸಿದರು. ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಆಗಿನ್ನೂ ಹುಟ್ಟಿರಲಿಲ್ಲ, ಅದು 2010ರದು. ನಮ್ಮ ಪ್ರಶ್ನೆಪತ್ರಿಕೆ, ಫಲಿತಾಂಶ, ಅಂಕಪಟ್ಟಿಗಳೆಲ್ಲ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಿಂದ ಬರಬೇಕಿತ್ತು. ಫಲಿತಾಂಶ ಬಂತೆಂಬ ಸುದ್ದಿ ಮಾತ್ರ ಅದಕ್ಕಿಂತ ಒಂದು ವಾರ ಮೊದಲೇ ಬಂದಿರುತ್ತಿತ್ತು.

ಪಠ್ಯದ ಪುಸ್ತಕಗಳು ಬಹುತೇಕ ಇಂಗ್ಲಿಷಿನವು. ಕನ್ನಡ ಮಾಧ್ಯಮದಿಂದ ಬಂದ ನಾವು ಸರ್ ಹೇಳಿ ಬರೆಸಿದ ಟಿಪ್ಪಣಿಗಳನ್ನೇ ನೆಚ್ಚಿಕೊಂಡಿದ್ದೆವು. ಆದರೆ ಟಿಪ್ಪಣಿ ಬರೆಸುವುದರಲ್ಲಿ ಅವರಿಗೆ ಆಸಕ್ತಿ ಇರಲಿಲ್ಲ, ಸಿದ್ಧಾಂತವೊಂದು ಬಂತೆಂದರೆ ಅದನ್ನು ನಮ್ಮ ಮೇಲೆಯೇ ಪ್ರಯೋಗಿಸಿ ನೋಡುತ್ತಿದ್ದರು. ಯಾವ ಸುದ್ದಿಯನ್ನು ಒಳಗೆ ಬಿಡಬೇಕು, ಯಾವುದನ್ನು ತಡೆಯಬೇಕು ಎಂದು ನಿರ್ಧರಿಸುವವರ ಕುರಿತಾದ ದ್ವಾರಪಾಲಕ ಸಿದ್ಧಾಂತದ ಪಾಠ ಹೀಗಾಯಿತು. ಡೇವಿಡ್ ಮ್ಯಾನಿಂಗ್ ವೈಟ್ ಎಂಬ ಸಂಶೋಧಕ ಅಮೆರಿಕದ ಸಣ್ಣ ನಗರದ ಪತ್ರಿಕೆಯೊಂದರ ಸುದ್ದಿ ಸಂಪಾದಕನಿಂದ, ಒಂದು ವಾರ ತಿರಸ್ಕರಿಸಿದ ಸುದ್ದಿಗಳನ್ನೆಲ್ಲ ಎತ್ತಿಡಿಸಿ, ಒಂದೊಂದಕ್ಕೂ ಕಾರಣ ಬರೆಸಿದ. ಆ ಅಧ್ಯಯನ ಪ್ರಕಟವಾದದ್ದು 1950ರಲ್ಲಿ. ನಮ್ಮ ವಿಭಾಗದ ಗೋಡೆಪತ್ರಿಕೆಗೂ ಅದೇ ನಿಯಮ ಬಂತು. ಯಾವ ಬರಹವನ್ನೂ ಸುಮ್ಮನೆ ಪಕ್ಕಕ್ಕೆ ಇಡುವಂತಿಲ್ಲ, ಹಿಂಬದಿಯಲ್ಲಿ ಕಾರಣ ಬರೆದು ಸಹಿ ಹಾಕಬೇಕು.

ತಿಂಗಳ ಕೊನೆಗೆ ಸರ್ ಆ ಕಟ್ಟನ್ನು ಬಿಚ್ಚಿ ತರಗತಿಯಲ್ಲೇ ಓದಿದರು. ಜಾಗ ಸಾಲದು, ತಡವಾಗಿ ಬಂತು, ಅಕ್ಷರ ಓದಲಾಗದು ಎಂಬ ಸಾಧಾರಣ ಕಾರಣಗಳ ನಡುವೆ “ಇದರಲ್ಲಿ ಯಾರಿಗೂ ಆಸಕ್ತಿ ಇಲ್ಲ” ಎಂದು ಬರೆದಿದ್ದ ಹಾಳೆಗಳನ್ನು ಬೇರೆ ಇಟ್ಟರು. ಅವುಗಳಲ್ಲಿ ಹೆಚ್ಚಿನವು ಹುಡುಗಿಯರ ವಸತಿನಿಲಯದ ನೀರು, ಸಂಜೆಯ ಕೊನೆಯ ಬಸ್ಸು, ಗ್ರಂಥಾಲಯ ಮುಚ್ಚುವ ಸಮಯದ ಬಗ್ಗೆ ನಾವು ಹುಡುಗಿಯರು ಬರೆದವು. ಸಂಪಾದಕ ಮಂಡಳಿಯಲ್ಲಿದ್ದವರೆಲ್ಲ ಹುಡುಗರು. ಸರ್ ಒಂದು ಮಾತನ್ನೂ ಆಡಲಿಲ್ಲ. ಮರುವಾರ ಮಂಡಳಿ ಬದಲಾಗಿತ್ತು, ನೀರಿನ ಸುದ್ದಿ ಮೊದಲ ಅಂಕಣದಲ್ಲಿತ್ತು. ನೀರು ಬಂತೇ ಎಂದು ಕೇಳಬೇಡಿ. ವಿಜಯಪುರದ ಬೇಸಿಗೆಯನ್ನು ಬಲ್ಲವರು ಅದನ್ನು ಕೇಳುವುದಿಲ್ಲ.

ಹೊರಗಿನಿಂದ ಬರುತ್ತಿದ್ದ ಅತಿಥಿ ಉಪನ್ಯಾಸಕರದು ಇನ್ನೊಂದು ಬಗೆ. ಸಂವಹನದ ಬಗ್ಗೆ ಮಾತನಾಡಲು ಈ ಊರಿಗೆ ಬಂದವರು ಗೋಳಗುಮ್ಮಟದ ಪಿಸುಮಾತಿನ ಗ್ಯಾಲರಿಯನ್ನು ತರದೆ ಬಿಟ್ಟದ್ದು ನನಗೆ ನೆನಪಿಲ್ಲ. ಒಂದು ಬದಿಯ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದ್ದು ಎದುರು ಬದಿಯಲ್ಲಿ ಕೇಳುತ್ತದೆ, ಇದೇ ಶ್ರೇಷ್ಠ ಸಂವಹನ ಎಂದು ಅವರು ಹೇಳುವುದು, ನಾವು ಚಪ್ಪಾಳೆ ತಟ್ಟುವುದು. ಅಲ್ಲಿಗೆ ಹೋದವರಿಗೆ ಗೊತ್ತು, ಶಾಲಾ ಪ್ರವಾಸದ ಮಕ್ಕಳು ಕೂಗತೊಡಗಿದರೆ ಅಲ್ಲಿ ಯಾರ ಮಾತೂ ಯಾರಿಗೂ ತಿಳಿಯುವುದಿಲ್ಲ. ಅಮೆರಿಕದ ಗಣಿತಜ್ಞ ಕ್ಲಾಡ್ ಶಾನನ್ ತನ್ನ ಸಂವಹನ ಮಾದರಿಯಲ್ಲಿ, ಸಂದೇಶವನ್ನು ಕೆಡಿಸುವ ಗದ್ದಲಕ್ಕೆ ಒಂದು ಜಾಗ ಕೊಟ್ಟಿದ್ದಾನಲ್ಲ, ಅದನ್ನು ತೋರಿಸಲು ಗುಮ್ಮಟಕ್ಕಿಂತ ಒಳ್ಳೆಯ ಸ್ಥಳವಿಲ್ಲ. ಯಾವ ಅತಿಥಿಯೂ ಆ ದಿಕ್ಕಿನಲ್ಲಿ ಹೋಗಲಿಲ್ಲ.

ನಮ್ಮ ಸರ್‌ಗೆ ಗುಮ್ಮಟಕ್ಕಿಂತ ಫ.ಗು. ಹಳಕಟ್ಟಿಯವರ ಮುದ್ರಣಾಲಯ ದೊಡ್ಡದಾಗಿತ್ತು. ವಚನಗಳ ಹಸ್ತಪ್ರತಿಗಳನ್ನು ಊರೂರು ಅಲೆದು ಸಂಗ್ರಹಿಸಿದವರು ಎಂದು ಹಳಕಟ್ಟಿಯವರು ಎಲ್ಲರಿಗೂ ಗೊತ್ತು. ಸಂಗ್ರಹಿಸಿದ್ದನ್ನು ಜನರಿಗೆ ತಲುಪಿಸಲು ಅವರು ಪಟ್ಟ ಪಾಡನ್ನೂ ಓದಬೇಕು ಎನ್ನುತ್ತಿದ್ದರು ಸರ್. ಇದೇ ಊರಿನಲ್ಲಿ 1925ರಲ್ಲಿ ಹಿತಚಿಂತಕ ಮುದ್ರಣಾಲಯ, 1926ರಲ್ಲಿ ‘ಶಿವಾನುಭವ’ ಪತ್ರಿಕೆ, 1927ರಲ್ಲಿ ‘ನವಕರ್ನಾಟಕ’ ವಾರಪತ್ರಿಕೆ. ವಕೀಲಿ ಕಲಿತ ಮನುಷ್ಯ ಅಚ್ಚಿನ ಮೊಳೆ ಜೋಡಿಸುವುದು, ಕರಡು ತಿದ್ದುವುದು, ಚಂದಾದಾರರಿಗೆ ಕಾಗದ ಬರೆಯುವುದು ಎಲ್ಲವನ್ನೂ ತಲೆಯ ಮೇಲೆ ಹೊತ್ತುಕೊಂಡರು. ಮೊಹರೆ ಹಣಮಂತರಾಯರೂ ‘ಕರ್ನಾಟಕ ವೈಭವ’ದ ಮೂಲಕ ಇದೇ ಊರಿನಲ್ಲಿ ಪತ್ರಿಕಾ ವೃತ್ತಿ ನಡೆಸಿ, ಆಮೇಲೆ ‘ಸಂಯುಕ್ತ ಕರ್ನಾಟಕ’ದ ಸಂಪಾದಕರಾದವರು. ಪತ್ರಿಕೋದ್ಯಮ ಎಂದರೆ ಬೆಂಗಳೂರಿನ ಟಿ.ವಿ. ಸ್ಟುಡಿಯೊ ಎಂದುಕೊಂಡಿದ್ದ ನಮಗೆ ಇದು ಹೊಸದು.

ಪ್ರಾಯೋಗಿಕ ತರಗತಿಗಳ ಸ್ಥಿತಿ ಹೇಳಿಕೊಳ್ಳುವಂತಿರಲಿಲ್ಲ. ಇದ್ದ ಕಂಪ್ಯೂಟರ್‌ಗಳಲ್ಲಿ ಪುಟ ವಿನ್ಯಾಸದ ಪೇಜ್‌ಮೇಕರ್ ಮತ್ತು ಕನ್ನಡ ಬೆರಳಚ್ಚಿನ ನುಡಿ ತಂತ್ರಾಂಶ ಹಾಕಿಸಿದ್ದರು, ಕರೆಂಟ್ ಹೋದಾಗ ಅಳೆಯುವ ಪಟ್ಟಿ, ಪೆನ್ಸಿಲ್ ಹಿಡಿದು ಕಾಗದದ ಮೇಲೆ ಪುಟ ವಿನ್ಯಾಸ ಮಾಡುತ್ತಿದ್ದೆವು. ಅದರಿಂದ ಲಾಭವೇ ಆಯಿತು. ಒತ್ತಕ್ಷರಗಳ ಮೇಲೆ ಒತ್ತಕ್ಷರ ಬಂದರೆ ತಲೆಬರಹದ ಸಾಲುಗಳ ನಡುವೆ ಎಷ್ಟು ಜಾಗ ಬಿಡಬೇಕೆಂಬುದು ಪರದೆಗಿಂತ ಕೈಯಲ್ಲಿ ಬರೆದಾಗ ಬೇಗ ತಿಳಿಯುತ್ತದೆ.

ರೇಡಿಯೊ ಬರವಣಿಗೆಯನ್ನು ಮಾತ್ರ ಸರ್ ಕಟ್ಟುನಿಟ್ಟಾಗಿ ಕಲಿಸಿದರು. ನಾವು ಬರೆದ ವಾರ್ತೆಯನ್ನು ನಾವು ಓದುವಂತಿರಲಿಲ್ಲ. ಒಬ್ಬರದನ್ನು ಇನ್ನೊಬ್ಬರು ಓದಬೇಕು, ಉಳಿದವರು ಬೆನ್ನು ತಿರುಗಿಸಿ ಕುಳಿತು ಕೇಳಬೇಕು. ಓದುವವಳು ಉಸಿರಿಗೆ ತಡಕಾಡಿದ ಕಡೆ ವಾಕ್ಯ ಉದ್ದವಾಗಿದೆ ಎಂದರ್ಥ. “ಮೇಲೆ ಹೇಳಿದಂತೆ” ಎಂದು ಬರೆದ ಗೆಳತಿಗೆ ಸರ್ ಕೇಳಿದ್ದು: “ಕೇಳುವವನಿಗೆ ಮೇಲೆಲ್ಲಿದೆ, ಕೆಳಗೆಲ್ಲಿದೆ?” ‘ಅವರು’ ಎಂದರೆ ಯಾರು ಎಂದು ಹಿಂದಿನ ಸಾಲಿಗೆ ಕಣ್ಣಾಡಿಸಿ ನೋಡುವ ಅನುಕೂಲ ಓದುಗನಿಗಿದೆ, ರೇಡಿಯೊ ಹಚ್ಚಿಕೊಂಡು ರೊಟ್ಟಿ ಬಡಿಯುತ್ತಿರುವವಳಿಗಿಲ್ಲ. ಹೆಸರನ್ನು ಮತ್ತೆ ಹೇಳಬೇಕು, ಅಂಕಿಯನ್ನು ದುಂಡಾಗಿಸಿ ಹೇಳಬೇಕು, ಒಂದು ವಾಕ್ಯಕ್ಕೆ ಒಂದೇ ಸಂಗತಿ.

ಇನ್ನು ಕೊನೆಯ ವರ್ಷದ ಯೋಜನಾ ಕೆಲಸ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಅಮೆರಿಕದ ನಾಸಾ ಸಂಸ್ಥೆ ಎರವಲು ಕೊಟ್ಟ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನ ಕಾರ್ಯಕ್ರಮಗಳು ಬಂದವು. ಸೈಟ್ (ಉಪಗ್ರಹದ ಮೂಲಕ ಬೋಧನಾ ದೂರದರ್ಶನ ಪ್ರಯೋಗ) ಎಂದು ಹೆಸರಾದ ಈ ಪ್ರಯೋಗ ಪಠ್ಯದಲ್ಲಿ ಐದು ಅಂಕದ ಟಿಪ್ಪಣಿ. ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದ ಜಿಲ್ಲೆಗಳು ಕಲಬುರಗಿ, ರಾಯಚೂರು ಮತ್ತು ನಮ್ಮದು. ಬಾಗಲಕೋಟೆ ಬೇರೆಯಾದದ್ದು 1997ರಲ್ಲಿ, ಆಗ ಅದೂ ನಮ್ಮಲ್ಲೇ ಸೇರಿತ್ತು. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಆರಂಭವಾದದ್ದು 1981ರಲ್ಲಿ ಎಂಬುದನ್ನು ನೆನೆದರೆ, ರಾಜಧಾನಿಯವರಿಗಿಂತ ಮುಂಚೆ ನಮ್ಮ ಜಿಲ್ಲೆಯ ಹಳ್ಳಿಯವರು ಟಿ.ವಿ. ನೋಡಿದ್ದರು! ಇದನ್ನು ಸರ್ ಹೇಳಿದಾಗ ತರಗತಿಯಲ್ಲಿ ಯಾರೂ ನಂಬಲಿಲ್ಲ. “ನಂಬಬೇಡಿ, ಹೋಗಿ ಕೇಳಿ” ಎಂದರು.

ಪ್ರಯೋಗದ ಸೆಟ್ಟು ಬಂದಿದ್ದ ಒಂದು ಹಳ್ಳಿಗೆ ನಾವು ಹೋದೆವು. ಕೆಂಪು ಬಸ್ಸು, ಮುಖ್ಯ ರಸ್ತೆಯಿಂದ ಒಳಕ್ಕೆ ನಡಿಗೆ, ಜೋಳದ ಹೊಲಗಳ ಬದಿಯಲ್ಲಿ ಊರು. ಆಗ ಮೂವತ್ತರ ಆಸುಪಾಸಿನಲ್ಲಿದ್ದವರು ಈಗ ಅಜ್ಜ ಅಜ್ಜಿಯರಾಗಿದ್ದರು. ಸರ್ ಕೊಟ್ಟ ಪ್ರಶ್ನಾವಳಿಯಲ್ಲಿ ಯಾವ ಕಾರ್ಯಕ್ರಮ ನೆನಪಿದೆ, ಕೃಷಿಗೆ ಉಪಯೋಗವಾಯಿತೇ, ಆರೋಗ್ಯದ ಸಲಹೆ ಪಾಲಿಸಿದಿರಾ ಎಂಬಂಥ ಪ್ರಶ್ನೆಗಳಿದ್ದವು. ಆ ಪ್ರಶ್ನೆಗಳಿಗೆ ಉತ್ತರವೇ ಬರಲಿಲ್ಲ. ಹಾಳೆಯನ್ನು ಮಡಚಿಟ್ಟು ಸುಮ್ಮನೆ ಕುಳಿತ ಮೇಲೆ ಮಾತು ಹೊರಟಿತು.

ಶಾಲೆಯ ಬಳಿ ನಿಲ್ಲಿಸಿದ್ದ ತಂತಿಬಲೆಯ ದೊಡ್ಡ ಕೊಡೆ ಎಲ್ಲರಿಗೂ ನೆನಪಿತ್ತು. ಕೋಳಿಗೂಡಿಗೆ ಹಾಕುವಂಥ ಬಲೆಯಿಂದ ಮಾಡಿದ, ಹತ್ತು ಅಡಿ ಅಗಲದ ಆಂಟೆನಾ ಅದು. ಕೋಣೆಯ ಕೀಲಿ ಯಾರ ಬಳಿ ಇರುತ್ತಿತ್ತು ಎಂಬುದೂ ನೆನಪಿತ್ತು, ಅದರ ಜೊತೆಗೇ ಕೀಲಿಗಾಗಿ ನಡೆದ ಎರಡು ಮನೆತನಗಳ ಜಗಳವೂ. ಗೋಣಿಚೀಲ ಹಾಸಿಕೊಂಡು ಮುಂದೆ ಮಕ್ಕಳು, ನಡುವೆ ಗಂಡಸರು, ಹೆಂಗಸರು ಬಾಗಿಲ ಹೊರಗೆ. ಬೆಳಗಿನ ಕಾರ್ಯಕ್ರಮ ಶಾಲೆಯ ಮಕ್ಕಳಿಗೆ, ಸಂಜೆಯದು ಊರಿಗೆ. ನಡುವೆ ದೇಶಕ್ಕೆಲ್ಲ ಒಂದೇ ಆಗಿ ಹಿಂದಿಯಲ್ಲಿ ಬರುತ್ತಿದ್ದ ಅರ್ಧ ಗಂಟೆಯಲ್ಲಿ ಜನ ಎದ್ದು ಹೋಗಿ ದನಗಳಿಗೆ ಮೇವು ಹಾಕಿ ಬರುತ್ತಿದ್ದರಂತೆ. ಉಪಗ್ರಹವನ್ನು ಅಮೆರಿಕ ವಾಪಸು ಪಡೆದ ಸಂಗತಿ ಆ ಕಟ್ಟೆಯ ಮೇಲೆ ಕುಳಿತಿದ್ದ ಹಲವರಿಗೆ ಅಂದೇ ಗೊತ್ತಾದದ್ದು. ಅಲ್ಲಿಯವರೆಗೂ ಪೆಟ್ಟಿಗೆ ಕೆಟ್ಟಿತೆಂದೇ ಅವರು ತಿಳಿದಿದ್ದರು.

ಬಾಗಿಲ ಹೊರಗೆ ನಿಂತು ನೋಡುತ್ತಿದ್ದ ಒಬ್ಬ ಅಜ್ಜಿಯನ್ನು ಕೇಳಿದೆ: “ಆಯಿ, ಅದರಲ್ಲಿ ಹೇಳಿದ್ದನ್ನು ನಂಬುತ್ತಿದ್ದಿರಾ?” ಅವರು ಹೇಳಿದರು: “ಯವ್ವಾ, ಅದರೊಳಗಿನವರು ನಾವು ತಿರುಗಿ ಕೇಳಿದರೆ ಉತ್ತರ ಕೊಡುತ್ತಿರಲಿಲ್ಲ. ಮಾಸ್ತರರು ಕೊಡುತ್ತಿದ್ದರು.” ರಾತ್ರಿ ನೋಡಿದ್ದನ್ನು ಬೆಳಿಗ್ಗೆ ಶಾಲೆಯ ಮಾಸ್ತರರ ಹತ್ತಿರ ಹೋಗಿ, ಹೌದೇ ಅಲ್ಲವೇ ಎಂದು ಕೇಳಿ, ಅವರು ಹೌದೆಂದರೆ ಮಾತ್ರ ಮಕ್ಕಳಿಗೆ ಚುಚ್ಚುಮದ್ದು ಹಾಕಿಸಿದೆ ಎಂದರು ಆ ಅಜ್ಜಿ.

ಸಮಾಜಶಾಸ್ತ್ರಜ್ಞ ಪಾಲ್ ಲಾಜರ್ಸ್‌ಫೆಲ್ಡ್ ಮತ್ತು ಜೊತೆಗಾರರು 1940ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯಲ್ಲಿ ಓಹಾಯೊ ರಾಜ್ಯದ ಈರಿ ಕೌಂಟಿಯ ಮತದಾರರನ್ನು ತಿಂಗಳುಗಟ್ಟಲೆ ಮಾತನಾಡಿಸಿ ಕಂಡದ್ದೂ ಇದನ್ನೇ. ಪತ್ರಿಕೆ, ರೇಡಿಯೊಗಳ ಮಾತು ನೇರವಾಗಿ ಜನರ ಮನಸ್ಸಿಗೆ ಇಳಿಯುವುದಿಲ್ಲ. ಅವರು ನಂಬುವ ಒಬ್ಬರ ಮೂಲಕ ಹಾದು ಬರುತ್ತದೆ. ಎರಡು ಹಂತದ ಹರಿವು ಎಂದು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆ. ಅದನ್ನು ಅಜ್ಜಿ ಎರಡು ವಾಕ್ಯಗಳಲ್ಲಿ ಹೇಳಿ ಮುಗಿಸಿ, ಚಹಾ ಕುಡಿಯುತ್ತೀರೋ ಎಂದು ಕೇಳಿದರು. ವರದಿ ಒಪ್ಪಿಸಿದಾಗ ಸರ್ ಆ ಎರಡು ವಾಕ್ಯಗಳ ಕೆಳಗೆ ಕೆಂಪು ಗೆರೆ ಎಳೆದು, ಪ್ರಶ್ನಾವಳಿಯ ಅಂಕಿಸಂಖ್ಯೆಯ ಪುಟಗಳನ್ನು ನೋಡದೆಯೇ ತಿರುವಿದರು. ವಿಶ್ವವಿದ್ಯಾಲಯದಿಂದ ಬಂದ ಬಾಹ್ಯ ಪರೀಕ್ಷಕರು ಕೋಷ್ಟಕಗಳು ಕಡಿಮೆ ಎಂದು ಅಂಕ ಕಡಿದದ್ದು ಬೇರೆ ಮಾತು.

ಬಿ.ಎಡ್. ಮಾಡಲಿಲ್ಲ. ಈಗ ಹುಬ್ಬಳ್ಳಿಯಲ್ಲಿ ಪತ್ರಿಕೆಯೊಂದರ ಜಿಲ್ಲಾ ಪುಟಗಳ ಡೆಸ್ಕ್‌ನಲ್ಲಿದ್ದೇನೆ. ಅರೆಕಾಲಿಕ ವರದಿಗಾರರು ಕಳಿಸುವ ಸುದ್ದಿಗಳನ್ನು ತಿದ್ದುವುದು, ಪುಟಕ್ಕೆ ಹಿಡಿಸದಿದ್ದರೆ ಕೆಳಗಿನಿಂದ ಕತ್ತರಿಸುವುದು ದಿನದ ಕೆಲಸ. ಮುಖ್ಯವಾದದ್ದು ಮೇಲಿರಬೇಕು, ಅಮುಖ್ಯವಾದದ್ದು ಕೆಳಗೆ ಎಂಬ ನಿಯಮವನ್ನು ಎಲ್ಲರೂ ಕಲಿತು ಬಂದಿರುತ್ತಾರೆ. ಆದರೂ ಸಚಿವರು ಬಂದರು, ದೀಪ ಬೆಳಗಿಸಿದರು, ಇಂಥವರು ನಿರೂಪಿಸಿದರು, ಇಂಥವರು ವಂದಿಸಿದರು ಎಂದೆಲ್ಲ ಆದ ಮೇಲೆ, ಕಟ್ಟಕಡೆಯಲ್ಲಿ ಆರು ತಿಂಗಳಿಂದ ಊರಿನ ಆಸ್ಪತ್ರೆಯಲ್ಲಿ ವೈದ್ಯರಿಲ್ಲ ಎಂದು ಯಾರೋ ಎದ್ದು ನಿಂತು ಕೇಳಿದ ಸಾಲು ಇರುತ್ತದೆ. ಹೊಸದಾಗಿ ಡೆಸ್ಕಿಗೆ ಸೇರಿದ ಹುಡುಗ ಹುಡುಗಿಯರಿಗೆ ನಾನು ಹೇಳುವುದು, ಕತ್ತರಿಸುವ ಮುನ್ನ ಕೊನೆಯ ಪ್ಯಾರಾ ಓದಿ ಎಂದು. ಅರ್ಧಕ್ಕರ್ಧ ಸಲ ಸುದ್ದಿ ಅಲ್ಲೇ ಕುಳಿತಿರುತ್ತದೆ.

ಈಗ ಒಂದು ಬೇಡಿಕೆ. ಆ ವರ್ಷ ನಮ್ಮ ತಂಡಗಳು ಬರೆದುಕೊಂಡು ಬಂದ ಸೈಟ್ ಸಂದರ್ಶನಗಳ ಕಡತ ವಿಭಾಗದ ಕಪಾಟಿನಲ್ಲಿ ಇರಬೇಕು. ಬಹುಶಃ ಕೆಳಗಿನ ಅರೆಯಲ್ಲಿ, ಹಳೆಯ ಉತ್ತರಪತ್ರಿಕೆಗಳ ಜೊತೆ. ಅಂದು ಮಾತನಾಡಿದ ಹಿರಿಯರಲ್ಲಿ ಬಹುಪಾಲು ಜನ ಈಗಿಲ್ಲ. ಈಗ ಓದುತ್ತಿರುವವರು ಅದನ್ನು ಹುಡುಕಿ ತೆಗೆದು ಯೂನಿಕೋಡ್‌ನಲ್ಲಿ ಬೆರಳಚ್ಚು ಮಾಡಿದರೆ ಒಳ್ಳೆಯ ಯೋಜನಾ ಕೆಲಸವಾಗುತ್ತದೆ. ಕೆಲವು ಹಾಳೆಗಳ ಮೇಲೆ ಚಹಾ ಚೆಲ್ಲಿದೆ, ಅಕ್ಷರ ತಿಳಿಯದ ಕಡೆ ನನ್ನನ್ನು ಕೇಳಬಹುದು. ನಾನು ಮಾಡಿದ ಸಂದರ್ಶನಗಳ ಇನ್ನೊಂದು ಪ್ರತಿ ನನ್ನ ಬಳಿ ಇದೆ, ಈ ಬರಹದ ಜೊತೆಗೇ ವಿಭಾಗದ ವಿಳಾಸಕ್ಕೆ ಕಳುಹಿಸುತ್ತಿದ್ದೇನೆ.