ಬರೀ ಚುಕ್ಕಿ ನೋಡ್ತಾ ಕೂರೋದ್ರಲ್ಲಿ ಏನಿದೆ?

ಏರ್ ಟ್ರಾಫಿಕ್ ಕಂಟ್ರೋಲ್ ಗೇಮ್, ಅಂದರೆ ನೆಲದಲ್ಲಿ ಕೂತು ವಿಮಾನಗಳಿಗೆ ದಾರಿ ಹೇಳುವ ಆಟ, ಆಡುತ್ತೇನೆ ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ. ಅಕ್ಕನ ಮಗ ಕೇಳುವ ರೀತಿ ಬೇರೆ, ಆಫೀಸಿನವರು ಕೇಳುವ ರೀತಿ ಬೇರೆ, ಅಷ್ಟೇ. "ಮಾಮ, ಇದರಲ್ಲಿ ವಿಮಾನ ಎಲ್ಲಿದೆ? ಬರೀ ಚುಕ್ಕಿ ಇದೆಯಲ್ಲ!" ವಿಮಾನ ಹಾರಿಸುವ ಗೇಮ್‌ಗಳು ಬೇಕಾದಷ್ಟಿವೆ. ಅವುಗಳಲ್ಲಿ ಮೋಡ, ಬೆಟ್ಟ, ಸಮುದ್ರ ಎಲ್ಲ ಕಾಣುತ್ತವೆ. ಅದನ್ನೆಲ್ಲ ಬಿಟ್ಟು ಕಪ್ಪು ಪರದೆಯ ಮೇಲೆ ಓಡಾಡುವ ಚುಕ್ಕಿಗಳನ್ನು ನೋಡುತ್ತಾ ಕೂರುವುದರಲ್ಲಿ ಏನಿದೆ?

ನಿಲ್ಲಿಸಲು ಆಗದ್ದನ್ನು ಸಾಲಾಗಿ ತರುವ ಕೆಲಸ ಇದೆ. ಇಷ್ಟು ಚೆಂದದ ಒಗಟು ನನಗೆ ಬೇರೆಲ್ಲೂ ಸಿಕ್ಕಿಲ್ಲ.

ರಸ್ತೆಯಲ್ಲಿ ಪೊಲೀಸರು ಕೈ ಅಡ್ಡ ಹಿಡಿದರೆ ಬಸ್ಸು ನಿಲ್ಲುತ್ತದೆ. ಆಕಾಶದಲ್ಲಿ ಆ ಅನುಕೂಲ ಇಲ್ಲ. ಜೆಟ್ ವಿಮಾನ ಇನ್ನೇನು ನೆಲ ಮುಟ್ಟಬೇಕು ಅನ್ನುವಾಗಲೂ ಗಂಟೆಗೆ ಸುಮಾರು 250 ಕಿಲೋಮೀಟರ್ ವೇಗದಲ್ಲಿರುತ್ತದೆ. ನಾವು ಹೇಳಬಹುದಾದದ್ದು ಮೂರೇ ವಿಷಯ: ಯಾವ ದಿಕ್ಕಿಗೆ ಹೋಗಬೇಕು, ಎಷ್ಟು ಎತ್ತರದಲ್ಲಿರಬೇಕು, ಎಷ್ಟು ವೇಗದಲ್ಲಿ. ಇಷ್ಟರಲ್ಲೇ ನಾಲ್ಕೂ ಕಡೆಯಿಂದ ಬರುವ ವಿಮಾನಗಳನ್ನು ಒಂದು ರನ್‌ವೇಗೆ ಒಂದರ ಹಿಂದೆ ಒಂದರಂತೆ ಕಳಿಸಬೇಕು. ನಿಲ್ದಾಣದ ಸುತ್ತ, ರೇಡಾರ್ ಕಣ್ಣಳತೆಯಲ್ಲಿ, ಎರಡು ವಿಮಾನಗಳ ನಡುವೆ ಸಾಮಾನ್ಯವಾಗಿ 3 ನಾಟಿಕಲ್ ಮೈಲಿ, ಅಂದರೆ ಸುಮಾರು ಐದೂವರೆ ಕಿಲೋಮೀಟರ್ ಅಂತರ ಇರಬೇಕು. ಅದಿಲ್ಲದಿದ್ದರೆ ಎತ್ತರದಲ್ಲಾದರೂ 1,000 ಅಡಿ ವ್ಯತ್ಯಾಸ ಇರಲೇಬೇಕು.

180 ನಾಟ್, ಅಂದರೆ ಗಂಟೆಗೆ 180 ನಾಟಿಕಲ್ ಮೈಲಿ ವೇಗದ ವಿಮಾನ ನಿಮಿಷಕ್ಕೆ ಅಂಥ 3 ಮೈಲಿ ಸಾಗುತ್ತದೆ. ಹಾಗಾಗಿ 3 ಮೈಲಿ ಅಂತರ ಅಂದರೆ ಒಂದು ನಿಮಿಷ. ಈ ಲೆಕ್ಕ ತಲೆಗೆ ಹತ್ತಿದ ಮೇಲೆ ಪರದೆಯ ಮೇಲಿನ ದೂರವನ್ನೆಲ್ಲ ನಿಮಿಷಗಳಲ್ಲೇ ಓದಲು ಶುರುಮಾಡುತ್ತೀರಿ. ಆಟದ ನಿಜವಾದ ರುಚಿ ಅಲ್ಲಿಂದ ಮುಂದೆ. ಯಾಕೆಂದರೆ ಈಗ ಹೇಳಿದ್ದು ಈಗಲೇ ಆಗುವುದಿಲ್ಲ. ಸಾಮಾನ್ಯ ತಿರುವು ಸೆಕೆಂಡಿಗೆ 3 ಡಿಗ್ರಿ. 90 ಡಿಗ್ರಿ ತಿರುಗಲು ಅರ್ಧ ನಿಮಿಷ ಬೇಕು, ಅಷ್ಟರಲ್ಲಿ ಅದು ಒಂದೂವರೆ ಮೈಲಿ ಸಾಗಿರುತ್ತದೆ. ಕೆಳಗಿಳಿಯಲಂತೂ ಇನ್ನೂ ಜಾಸ್ತಿ ಜಾಗ ಬೇಕು. ರನ್‌ವೇ ಕಡೆಗಿನ ಇಳಿಜಾರು ಸಾಮಾನ್ಯವಾಗಿ 3 ಡಿಗ್ರಿ, ಅಂದರೆ 1,000 ಅಡಿ ಇಳಿಯಲು ಸುಮಾರು 3 ಮೈಲಿ. 9,000 ಅಡಿಯಲ್ಲಿರುವ ವಿಮಾನಕ್ಕೆ ಏನಿಲ್ಲ ಅಂದರೂ 27 ಮೈಲಿ ದಾರಿ ಉಳಿದಿರಬೇಕು. ಅದರ ಮೇಲೆ ಇನ್ನೊಂದು ತೊಡಕು: ದೊಡ್ಡ ಜೆಟ್‌ಗಳಿಗೆ ಬೇಗ ಇಳಿಯುತ್ತಲೇ ವೇಗವನ್ನೂ ತಗ್ಗಿಸುವುದು ಕಷ್ಟ. ಎರಡನ್ನೂ ಒಟ್ಟಿಗೆ ಕೇಳಿದರೆ ಯಾವುದಾದರೂ ಒಂದು ತಡವಾಗುತ್ತದೆ.

ಹಾಗಾಗಿ ಸಾಲಿನಲ್ಲಿ ನಾಲ್ಕನೆಯದು ಯಾವುದು ಅನ್ನುವುದನ್ನು ಅದು ಇನ್ನೂ ಪರದೆಯ ಅಂಚಿನಲ್ಲಿರುವಾಗಲೇ ಯೋಚಿಸಬೇಕು. ಉತ್ತರದಿಂದ ಎರಡು ಬರುತ್ತಿವೆ, ದಕ್ಷಿಣದಿಂದ ಒಂದು. ಉತ್ತರದ ಎರಡರ ನಡುವೆ ಜಾಗ ಬಿಡಿಸಬೇಕು, ಆದರೆ ತೀರಾ ಜಾಸ್ತಿ ಬಿಟ್ಟರೆ ರನ್‌ವೇ ಸುಮ್ನೆ ಖಾಲಿ ಹೋಗುತ್ತದೆ. ಹಿಂದಿನದಕ್ಕೆ ಇಪ್ಪತ್ತು ನಾಟ್ ಕಡಿಮೆ ಮಾಡಿ ಅನ್ನುತ್ತೇನೆ. ಐದಾರು ನಿಮಿಷ ಆದ ಮೇಲೆ ಆ ಜಾಗ ತೆರೆಯುತ್ತದೆ. ದಕ್ಷಿಣದ್ದು ತಿರುಗಿ ಬಂದು ಸರಿಯಾಗಿ ಅದರಲ್ಲಿ ಸೇರಿಕೊಳ್ಳುತ್ತದೆ. ಆಗ ಆಗುವ ಖುಷಿಗೆ ಮೋಡ, ಬೆಟ್ಟ ಯಾವುದೂ ಸಾಟಿಯಿಲ್ಲ!

ಮೈಲಿಗಳ ಲೆಕ್ಕವೂ ಎಲ್ಲಕ್ಕೂ ಒಂದೇ ಅಲ್ಲ. ದೊಡ್ಡ ವಿಮಾನದ ರೆಕ್ಕೆಯ ತುದಿಗಳಿಂದ ಗಾಳಿಯ ಸುಳಿ ಏಳುತ್ತದೆ. ಹಿಂದೆ ಬರುವ ಚಿಕ್ಕ ವಿಮಾನ ಅದಕ್ಕೆ ಸಿಕ್ಕರೆ ಪಕ್ಕಕ್ಕೆ ಉರುಳಬಹುದು. ಅದಕ್ಕೇ ಏರ್‌ಬಸ್‌ನ ದೈತ್ಯ ಎ380 ಹಿಂದೆ ಅದಕ್ಕಿಂತ ತುಂಬಾ ಚಿಕ್ಕದಾದ ಎ320 ಬರುವುದಾದರೆ 3 ಮೈಲಿ ಸಾಲದು. ವಿಮಾನಗಳನ್ನು ತೂಕದ ಮೇಲೆ ವಿಂಗಡಿಸುವ ಸಾಮಾನ್ಯ ಅಂತರರಾಷ್ಟ್ರೀಯ ನಿಯಮದಲ್ಲಿ ಅದು 7 ಮೈಲಿ. 2022ರ ಅಕ್ಟೋಬರ್‌ನಿಂದ ದುಬೈನ ಎ380 ಬೆಂಗಳೂರಿಗೂ ಬರುತ್ತಿದೆ. ಅದು ಇಳಿಯುವುದನ್ನು ನೋಡಿದಾಗೆಲ್ಲ ಹಿಂದಿನ ವಿಮಾನ ಎಷ್ಟು ದೂರದಲ್ಲಿರಬಹುದು ಅಂತ ಕಣ್ಣು ತಾನಾಗಿ ಹುಡುಕುತ್ತದೆ.

ನಾನು ಜಾಸ್ತಿ ಆಡುವುದು ಲಂಡನ್ನಿನ ಹೀಥ್ರೂ. ಅಲ್ಲಿನ ಎರಡು ರನ್‌ವೇಗಳ ಹೆಸರು 27 ಎಡ ಮತ್ತು ಬಲ, ಎದುರು ದಿಕ್ಕಿನಿಂದ ಬಂದರೆ 09 ಎಡ ಮತ್ತು ಬಲ. ನಮ್ಮ ಕೆಂಪೇಗೌಡ ನಿಲ್ದಾಣದ ರನ್‌ವೇಗಳಿಗೂ ಇವೇ ಹೆಸರು, ಯಾಕೆಂದರೆ ಆ ಅಂಕಿ ಹೇಳುವುದು ದಿಕ್ಕನ್ನು (27 ಅಂದರೆ 270 ಡಿಗ್ರಿ, ಪಶ್ಚಿಮ; 09 ಅಂದರೆ 90 ಡಿಗ್ರಿ, ಪೂರ್ವ), ಎರಡೂ ಕಡೆ ರನ್‌ವೇಗಳು ಪೂರ್ವ ಪಶ್ಚಿಮವಾಗಿವೆ. ಹೀಥ್ರೂ ಸುತ್ತ ಬೋವಿಂಗ್‌ಡನ್, ಲ್ಯಾಂಬೋರ್ನ್, ಆಕಮ್, ಬಿಗ್ಗಿನ್ ಅಂತ ನಾಲ್ಕು ಕಾಯುವ ಜಾಗಗಳಿವೆ. ಸಾಲಿನಲ್ಲಿ ಜಾಗವಿಲ್ಲದಿದ್ದರೆ ವಿಮಾನಗಳು ಅಲ್ಲಿ 1,000 ಅಡಿಗೆ ಒಂದರಂತೆ ಒಂದರ ಮೇಲೊಂದು ಸುತ್ತುತ್ತವೆ. ತಳದಲ್ಲಿರುವುದು ಹೊರಟ ಮೇಲೆ ಮೇಲಿನವು ಒಂದೊಂದು ಹಂತ ಇಳಿಯುತ್ತವೆ. ಅವುಗಳನ್ನು ಅಲ್ಲಿಂದ ಕರೆದು ರನ್‌ವೇಗೆ ಹೊಂದಿಸುವ ನಿಜವಾದ ಕಂಟ್ರೋಲರ್‌ಗಳು ಇರುವುದು ಹೀಥ್ರೂನಲ್ಲೇ ಅಲ್ಲ, ದೂರದ ಹ್ಯಾಂಪ್‌ಶೈರ್‌ನ ಸ್ವಾನ್‌ವಿಕ್‌ನಲ್ಲಿ. ಅವರಿಗೂ ವಿಮಾನ ಕಾಣುವುದಿಲ್ಲ. ಅವರ ಮುಂದಿರುವುದೂ ಪರದೆ, ಅದರ ಮೇಲೆ ಗುರುತುಗಳು, ಪಕ್ಕದಲ್ಲಿ ಅಂಕಿಗಳು. ಅಕ್ಕನ ಮಗನಿಗೆ ಇದನ್ನು ಹೇಳಿದ ಮೇಲೆ ಅವನು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತ.

ಆ ಅಂಕಿಗಳ ಬಗ್ಗೆ ಹೇಳಲೇಬೇಕು. ಪ್ರತಿ ಚುಕ್ಕಿಯ ಪಕ್ಕ ವಿಮಾನದ ಹೆಸರು, ಎತ್ತರ, ವೇಗ ಇರುತ್ತವೆ. ಇವತ್ತು ಎತ್ತರ ಅಲ್ಲಿ ಕಾಣುವುದು ಸಹಜ ಅನ್ನಿಸುತ್ತದೆ, ಅಲ್ವಾ? 1996ರಲ್ಲಿ ದೆಹಲಿಯ ಕಂಟ್ರೋಲರ್ ಮುಂದೆ ಅದು ಇರಲಿಲ್ಲ. ಅವರ ರೇಡಾರ್ ವಿಮಾನ ಎಲ್ಲಿದೆ ಅಂತ ತೋರಿಸುತ್ತಿತ್ತು, ಎಷ್ಟು ಎತ್ತರದಲ್ಲಿದೆ ಅಂತ ತೋರಿಸುತ್ತಿರಲಿಲ್ಲ. ಎತ್ತರವನ್ನು ಪೈಲಟ್ ಹೇಳಿದ್ದನ್ನೇ ನಂಬಬೇಕು. ಆ ವರ್ಷದ ನವೆಂಬರ್ 12ರ ಸಂಜೆ ದೆಹಲಿಯಿಂದ ಹೊರಟ ಸೌದಿ ವಿಮಾನಕ್ಕೆ 14,000 ಅಡಿ ಕೊಟ್ಟಿದ್ದರು. ಎದುರಿನಿಂದ ಬರುತ್ತಿದ್ದ ಕಜಕಿಸ್ತಾನದ ವಿಮಾನಕ್ಕೆ 15,000 ಅಡಿ. ಎದುರಿಗೆ ವಿಮಾನ ಇದೆ ಅಂತ ಎಚ್ಚರಿಕೆಯನ್ನೂ ಹೇಳಿದ್ದರು. ಆದರೂ ಕಜಕ್ ವಿಮಾನ ಕೊಟ್ಟ ಎತ್ತರಕ್ಕಿಂತ ಕೆಳಗಿಳಿಯಿತು. ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಎರಡೂ ಡಿಕ್ಕಿಯಾಗಿ 349 ಜನ ಸತ್ತರು. ಒಬ್ಬರೂ ಉಳಿಯಲಿಲ್ಲ. ಗೇಮ್‌ನಲ್ಲಿ ನಾನು ಎಲ್ಲಕ್ಕಿಂತ ಮೊದಲು ನೋಡುವುದು ಆ ಎತ್ತರದ ಅಂಕಿಯನ್ನೇ. ಆ 1,000 ಅಡಿಯನ್ನು ಬರೀ ಆಟದ ನಿಯಮ ಅಂತ ನೋಡಲು ನನ್ನಿಂದ ಆಗುವುದಿಲ್ಲ.

"ಹಾಗಾದ್ರೆ ಇದನ್ನಾಡಿ ಕೆಲಸ ಸಿಗುತ್ತಾ?" ಅಂತಲೂ ಕೆಲವರು ಕೇಳುತ್ತಾರೆ. ಇಲ್ಲ. ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರ ಕಂಟ್ರೋಲರ್ ಕೆಲಸದ ಜೂನಿಯರ್ ಎಕ್ಸಿಕ್ಯುಟಿವ್ ಹುದ್ದೆಗೆ ಅರ್ಜಿ ಕರೆದಾಗ ಪರೀಕ್ಷೆ ಬರೆಯಬೇಕು. ಭೌತಶಾಸ್ತ್ರ, ಗಣಿತ ಓದಿದ ಬಿಎಸ್ಸಿ ಅಥವಾ ಎಂಜಿನಿಯರಿಂಗ್ ಆಗಿರಬೇಕು. ಆಮೇಲೆ ತರಬೇತಿ.

ಆಡಿ ನೋಡುವ ಮನಸ್ಸಿದ್ದರೆ ಓಪನ್‌ಸ್ಕೋಪ್ ಬ್ರೌಸರಿನಲ್ಲೇ ಉಚಿತವಾಗಿ ಸಿಗುತ್ತದೆ. ಅಲ್ಲಿ ಆದೇಶಗಳನ್ನು ಟೈಪ್ ಮಾಡಬೇಕು. ಫೋನಿನಲ್ಲಿ ಬೇಕಿದ್ದರೆ ಎಂಡ್‌ಲೆಸ್ ಎಟಿಸಿ ಒಳ್ಳೆಯದು. ಚೆನ್ನಾಗಿ ಆಡಿದಷ್ಟೂ ಜಾಸ್ತಿ ವಿಮಾನ ಕಳಿಸುತ್ತದೆ. ಅಷ್ಟೂ ಸಾಲದೆ ಹೋದರೆ 2001ರಿಂದ ನಡೆಯುತ್ತಿರುವ ವ್ಯಾಟ್‌ಸಿಮ್ ಅನ್ನುವ ಆನ್‌ಲೈನ್ ಜಾಲ ಇದೆ. ಅಲ್ಲಿ ಪ್ರತಿ ಚುಕ್ಕಿಯ ಹಿಂದೆ ಮನೆಯಲ್ಲಿ ಕೂತು ವಿಮಾನ ಹಾರಿಸುತ್ತಿರುವ ಒಬ್ಬ ಮನುಷ್ಯ ಇರುತ್ತಾರೆ. ಮೈಕಿನಲ್ಲಿ ಮಾತಾಡಬೇಕು, ಹೇಳಿದ್ದನ್ನು ಅವರು ತಿರುಗಿ ಹೇಳುವುದನ್ನು ಕಿವಿಗೊಟ್ಟು ಕೇಳಬೇಕು. ಕಂಟ್ರೋಲರ್ ಆಗಲು ಅವರದೇ ತರಬೇತಿ, ಪರೀಕ್ಷೆ ಎಲ್ಲ ಇದೆ.

ಯಾವುದರಲ್ಲಿ ಶುರುಮಾಡಿದರೂ ಮೊದಲ ಸಂಜೆ ಒಂದೇ ರನ್‌ವೇ ಇಟ್ಟುಕೊಳ್ಳಿ. ದೂರದಲ್ಲಿರುವಾಗಲೇ ಎಲ್ಲಕ್ಕೂ ಒಂದೇ ವೇಗ ಕೊಡಿ. ವೇಗ ಒಂದೇ ಆದರೆ ನಡುವಿನ ಅಂತರ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಆಮೇಲೆ ನೀವು ಯೋಚಿಸಬೇಕಾದದ್ದು ಯಾವಾಗ ತಿರುಗಿಸಬೇಕು ಅನ್ನುವುದನ್ನಷ್ಟೇ.